ಒಂದು ತೊಟ್ಟಿಗೆ ಒಂದೇ ಜಾತಿ

ರಾಜರಾಜೇಶ್ವರಿನಗರದ ಕಮಾನಿನಿಂದ ಯಾವ ದಿಕ್ಕಿಗೆ ಹೊರಟರೂ ಕಡಲು ಸಿಗಬೇಕಾದರೆ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಆದರೂ ಬೆಂಗಳೂರಿನ ಇಂಥ ಬಡಾವಣೆಗಳಲ್ಲಿ ಟಿ.ವಿ. ಪಕ್ಕದಲ್ಲೇ ಎರಡಡಿಯ ಉಪ್ಪುನೀರಿನ ತೊಟ್ಟಿ ಇಟ್ಟವರಿದ್ದಾರೆ. ಹೊಸಬರೆಲ್ಲ ಕೇಳುವುದು ಒಂದೇ: ಇದಕ್ಕೆ ಯಾವ ಮೀನು, ಎಷ್ಟು? ಈ ಪ್ರಶ್ನೆಗೆ ಸಿಗುತ್ತಿದ್ದ ಉತ್ತರ ಕಳೆದ ಆರೇಳು ದಶಕಗಳಲ್ಲಿ ಪೂರ್ತಿ ತಿರುವುಮುರುವಾಗಿದೆ.

ಮುಂಬೈಯ ಮರೀನ್ ಡ್ರೈವ್‌ನಲ್ಲಿ 1951ರಲ್ಲಿ ತಾರಾಪೋರೆವಾಲಾ ಮತ್ಸ್ಯಾಲಯ ಶುರುವಾದಾಗ ಕಡಲು ರಸ್ತೆಯಾಚೆಗೇ ಇತ್ತು. ನಮ್ಮ ಕಬ್ಬನ್ ಪಾರ್ಕಿನ ಸರ್ಕಾರಿ ಮತ್ಸ್ಯಾಲಯ 1983ರಲ್ಲಿ ತೆರೆದಾಗ ಅಲ್ಲಿ ಸಿಹಿನೀರಿನ ಮೀನುಗಳದ್ದೇ ಕಾರುಬಾರು. ಒಳನಾಡಿನವರಿಗೆ ಕಡಲನ್ನು ಹತ್ತಿರ ತಂದದ್ದು 1960ರ ದಶಕದಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಕೃತಕ ಸಮುದ್ರದ ಉಪ್ಪು. ಲೀಟರಿಗೆ ಸುಮಾರು 35 ಗ್ರಾಂ ಕರಗಿಸಿದರೆ ಕಡಲ ನೀರು ಸಿದ್ಧ. ಎರಡಡಿ ತೊಟ್ಟಿಯಲ್ಲಿ ಕಲ್ಲು, ಮರಳು ಕಳೆದು ನೂರು ಲೀಟರ್ ಉಳಿಯಿತೆಂದರೆ ಮೂರೂವರೆ ಕಿಲೋ ಉಪ್ಪು ಸಾಕು.

ಆ ಕಾಲದ ಆಯ್ಕೆಗೆ ಇದ್ದದ್ದು ಒಂದೇ ಅಳತೆಗೋಲು: ಸಾಯದೆ ಉಳಿಯುತ್ತದೆಯೇ? ಹಾಗಾಗಿ ಎಲ್ಲರೂ ಮೊದಲು ಕೊಳ್ಳುತ್ತಿದ್ದದ್ದು ಡ್ಯಾಮ್ಸೆಲ್ ಮೀನು. ಹೊಸ ತೊಟ್ಟಿಯಲ್ಲಿ ಏರುವ ಅಮೋನಿಯಾವನ್ನು ಅದು ತಡೆದುಕೊಳ್ಳುತ್ತಿತ್ತು. ಆಮೇಲೆ ಬಂದ ಮೀನುಗಳನ್ನು ಅಟ್ಟಾಡಿಸಿ ಕೊಲ್ಲುತ್ತಿತ್ತು. ಈಗಲೂ ಅಗ್ಗವೆಂದು ಅದನ್ನೇ ಕೈಗಿಡುವ ಅಂಗಡಿಗಳಿವೆ.

ತೊಟ್ಟಿಯ ಕಲ್ಪನೆಯನ್ನೇ ಬದಲಿಸಿದವರು ಜಕಾರ್ತಾದ ಲೀ ಚಿನ್ ಎಂಗ್. ಫಿಲ್ಟರಿನ ಗೊಡವೆಯಿಲ್ಲದೆ, ಕಡಲಿಂದ ತಂದ ‘ಜೀವಂತ ಕಲ್ಲು’ (ಬ್ಯಾಕ್ಟೀರಿಯಾ, ಕಿರುಜೀವಿಗಳು ನೆಲೆಸಿರುವ ಕಲ್ಲು) ಮತ್ತು ಗಾಳಿಗುಳ್ಳೆಗಳಿಂದಲೇ ಹವಳ ಸಾಕುವ ಕ್ರಮವನ್ನು 1961ರಲ್ಲಿ ಅವರು ಬರೆದು ತಿಳಿಸಿದರು. ಮುಂದೆ ಜರ್ಮನ್ ಹವ್ಯಾಸಿಗಳು ಇದಕ್ಕೆ ನೊರೆಯೆಬ್ಬಿಸಿ ಕೊಳೆ ತೆಗೆಯುವ ಪ್ರೋಟೀನ್ ಸ್ಕಿಮ್ಮರ್ ಮತ್ತು ಪ್ರಖರ ಬೆಳಕನ್ನು ಸೇರಿಸಿದರು. ಅದೇ ಬರ್ಲಿನ್ ಪದ್ಧತಿ. ಇದರಿಂದ ಮೀನಿನ ಸ್ಥಾನಮಾನ ಇಳಿಯಿತು ಎನ್ನಬೇಕು. ಹವಳ ಕಿತ್ತು ತಿನ್ನುವ ಚಿಟ್ಟೆಮೀನುಗಳು ಪಟ್ಟಿಯಿಂದ ಹೊರಬಿದ್ದವು, ಮೀನುಗಳ ಸಂಖ್ಯೆಯೂ ಕಡಿಮೆಯಾಯಿತು.

ನಮ್ಮಲ್ಲಿ ಇನ್ನೊಂದು ತಿರುವು ಕಾನೂನಿನಿಂದ ಬಂತು. 2001ರಲ್ಲಿ ಗಟ್ಟಿ ಹವಳಗಳೂ ಕಡಲಕುದುರೆಗಳೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಗೆ ಸೇರಿದವು. ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪದಲ್ಲಿ ಹವಳವನ್ನು ಮುಳುಗಿ ನೋಡಿ ಬರಬಹುದು. ಒಂದು ಚೂರನ್ನೂ ತರುವಂತಿಲ್ಲ. ಹಾಗಾಗಿ ಜೀವಂತ ಕಲ್ಲಿನ ಬದಲು ಒಣ ಕೃತಕ ಕಲ್ಲಿನ ಮೇಲೆ ಬ್ಯಾಕ್ಟೀರಿಯಾ ಬೆಳೆಸಿಕೊಳ್ಳುವುದೇ ಇಲ್ಲಿನವರ ದಾರಿ. ಇದಕ್ಕೆ ತಿಂಗಳುಗಟ್ಟಲೆ ತಾಳ್ಮೆ ಬೇಕು, ನಿಜ. ಆದರೆ ಕಲ್ಲಿನ ಜೊತೆ ಬರುವ ಕಾಣದ ಹುಳುಗಳ ಕಾಟವೂ ತಪ್ಪುತ್ತದೆ.

ಚಿಕ್ಕ ತೊಟ್ಟಿಯವರಿಗೆ ನಿಜವಾಗಿ ನೆರವಾದದ್ದು ಮೀನಿನ ಸಂಸಾರವನ್ನು ಕುರಿತ ಅಧ್ಯಯನ. ಕ್ಲೌನ್ ಮೀನಿನ ಗುಂಪಿನಲ್ಲಿ ಅತಿ ದೊಡ್ಡದು ಹೆಣ್ಣು, ಎರಡನೆಯದು ಗಂಡು, ಉಳಿದವು ಮರಿಮಾಡದ ಕಿರಿಯವು. ಹೆಣ್ಣು ಸತ್ತರೆ ಗಂಡೇ ಹೆಣ್ಣಾಗುತ್ತದೆ. 1977ರಲ್ಲಿ ಫ್ರಿಕೆ ದಂಪತಿ ಇದನ್ನು ವಿವರಿಸಿದರು. ಕಿರಿಯ ಮೀನು ಹಿರಿಯದರ ಗಾತ್ರಕ್ಕೆ ಸಮನಾಗದಂತೆ ತನ್ನ ಬೆಳವಣಿಗೆಯನ್ನೇ ತಡೆದುಕೊಳ್ಳುತ್ತದೆ ಎಂದು 2003ರಲ್ಲಿ ಪೀಟರ್ ಬಸ್ಟನ್ ತೋರಿಸಿದರು. ಹಾಗಾಗಿ ಗಾತ್ರದಲ್ಲಿ ಸ್ವಲ್ಪ ಹೆಚ್ಚುಕಡಿಮೆಯಿರುವ ಎರಡು ಎಳೆಯ ಮೀನುಗಳನ್ನು ತಂದರೆ ಜೋಡಿ ತಾನಾಗಿಯೇ ಆಗುತ್ತದೆ. ಚಿಕ್ಕದು ದೊಡ್ಡದರ ಮುಂದೆ ಪಕ್ಕಕ್ಕೆ ವಾಲಿ ಮೈ ನಡುಗಿಸುತ್ತದೆ. ರೋಗವೇನೋ ಎಂದು ಗಾಬರಿ ಬೀಳಬೇಕಿಲ್ಲ, ಅದು ಶರಣಾಗತಿ. ಮೂರನೆಯದನ್ನು ಬಿಟ್ಟರೆ ಅದು ಹೀಟರಿನ ಹಿಂದೆ ಅಡಗಿ ಸೊರಗುತ್ತದೆ.

ಹುಟ್ಟಿನ ಮೂಲವೂ ಅಷ್ಟೇ ಮುಖ್ಯ. ಕ್ಲೌನ್ ಮೀನು ಕಲ್ಲಿಗೆ ಅಂಟಿಸಿದ ಮೊಟ್ಟೆ ಒಂದು ವಾರದ ಆಸುಪಾಸಿನಲ್ಲಿ, ಕತ್ತಲಾದ ಮೇಲೆ ಒಡೆಯುತ್ತದೆ. ಮರಿ ಮೊದಲು ರೋಟಿಫರ್ ಎಂಬ ಸೂಕ್ಷ್ಮಜೀವಿಗಳನ್ನು ತಿಂದು, ಎರಡು ವಾರದೊಳಗೆ ಮೀನಿನ ರೂಪಕ್ಕೆ ಬರುತ್ತದೆ. ಅಮೆರಿಕದಲ್ಲಿ ಮಾರ್ಟಿನ್ ಮೋ 1970ರ ದಶಕದಲ್ಲೇ ಇದನ್ನು ವ್ಯಾಪಾರದ ಮಟ್ಟಕ್ಕೆ ತಂದರು. ನಮ್ಮ ದೇಶದಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯೂ ಪರಂಗಿಪೇಟೆಯಲ್ಲಿರುವ ಅಣ್ಣಾಮಲೈ ವಿಶ್ವವಿದ್ಯಾಲಯದ ಕೇಂದ್ರವೂ ಹ್ಯಾಚರಿ ವಿಧಾನಗಳನ್ನು ರೂಪಿಸಿವೆ. 2003ರ ‘ಫೈಂಡಿಂಗ್ ನೀಮೊ’ ಸಿನಿಮಾ ಎಬ್ಬಿಸಿದ ಕ್ಲೌನ್ ಮೀನಿನ ಬೇಡಿಕೆಗೆ ಕಡಲನ್ನೇ ಬರಿದು ಮಾಡಬೇಕಾದ ಅನಿವಾರ್ಯತೆ ಹೀಗಾಗಿ ಇಲ್ಲ. ಹ್ಯಾಚರಿಯಲ್ಲಿ ಬೆಳೆದ ಮೀನು ಮನೆಗೆ ಬಂದ ಮೊದಲ ದಿನದಿಂದಲೇ ಗುಳಿಗೆ ತಿನ್ನುತ್ತದೆ, ಗಾಜಿನ ಗೋಡೆ ಅದಕ್ಕೆ ಹೊಸತಲ್ಲ. ಪಟ್ಟೆ ಚದುರಿಸಿ, ಮೈಯೆಲ್ಲ ಬಿಳಿ ಮಾಡಿ ಬೆಳೆಸಿದ ‘ಡಿಸೈನರ್’ ತಳಿಗಳಿಗೆ ಹಲವು ಪಟ್ಟು ಬೆಲೆ. ನನಗಂತೂ ಮೂರು ಬಿಳಿ ಪಟ್ಟೆಯ ಕಿತ್ತಳೆ ಮೀನೇ ಚೆಂದ. ಕಡಲಿನಲ್ಲಿ ಅದಕ್ಕೆ ಆಸರೆಯಾಗುವ ಅನಿಮೋನ್ ಎಂಬ ಹೂವಿನಂಥ ಜೀವಿ ತೊಟ್ಟಿಯಲ್ಲಿ ಬೇಕೇಬೇಕೆಂದೇನೂ ಇಲ್ಲ. ಚಿಕ್ಕ ತೊಟ್ಟಿಯಲ್ಲಿ ಅನಿಮೋನ್ ಅಲೆದಾಡಿ ಪಂಪಿಗೆ ಸಿಕ್ಕಿ ಸತ್ತರೆ ಇಡೀ ನೀರು ಕೆಡುತ್ತದೆ.

ಬೆಂಗಳೂರಿನ ನೀರು, ಹವೆಗಳೂ ಗಟ್ಟಿಮುಟ್ಟಾದ ಒಂದೇ ಜಾತಿಯ ಪರವಾಗಿಯೇ ಮಾತಾಡುತ್ತವೆ. ಬೋರ್‌ವೆಲ್ ನೀರು ಗಡಸು. ಕಾವೇರಿ ನೀರನ್ನೂ ಆರ್‌ಒ ದಾಟಿಸಿಯೇ ಉಪ್ಪು ಬೆರೆಸಬೇಕು. ತೊಟ್ಟಿ 25–27 ಡಿಗ್ರಿಯಲ್ಲಿರಬೇಕು. ಮಾರ್ಚ್–ಏಪ್ರಿಲಿನಲ್ಲಿ ತಂಪಿಗೆಂದು ಫ್ಯಾನ್ ಹಾಕಿದರೆ ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ತಗ್ಗಿದಷ್ಟು ಉಪ್ಪುನೀರನ್ನಲ್ಲ, ಬರೀ ಆರ್‌ಒ ನೀರನ್ನು ತುಂಬಬೇಕು. ಕರೆಂಟ್ ಹೋದಾಗ ಬ್ಯಾಟರಿ ಏರ್ ಪಂಪ್ ಇರಲೇಬೇಕು. ಎರಡೇ ಮೀನಿದ್ದರೆ ಆಮ್ಲಜನಕ ಒಂದಷ್ಟು ಹೊತ್ತು ಹೆಚ್ಚು ಬಾಳುತ್ತದೆ.

ಕ್ಲೌನ್ ಬೇಡವೆನ್ನುವವರಿಗೆ ಬಂಗ್ಗಾಯ್ ಕಾರ್ಡಿನಲ್ ಇದೆ. 1933ರಲ್ಲಿ ಹೆಸರು ಪಡೆದು, 1990ರ ದಶಕದಲ್ಲಿ ಮತ್ತೆ ಕಣ್ಣಿಗೆ ಬಿದ್ದು, ವಿಪರೀತ ಹಿಡಿದದ್ದರಿಂದ 2007ರಲ್ಲಿ ಅಳಿವಿನಂಚಿನ ಪಟ್ಟಿ ಸೇರಿದ ಇಂಡೋನೇಷ್ಯಾದ ಮೀನು. ಗಂಡು ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡು ವಾರಗಟ್ಟಲೆ ಉಪವಾಸವಿರುತ್ತದೆ. ಹೊರಬಂದ ಮರಿ ಆಗಲೇ ಪುಟ್ಟ ಮೀನು, ನೇರ ಆರ್ಟೀಮಿಯಾ ಎಂಬ ಉಪ್ಪುನೀರಿನ ಕಿರುಸೀಗಡಿಯ ಮರಿಗಳನ್ನೇ ತಿನ್ನುತ್ತದೆ. ಇದರಲ್ಲೂ ಜೋಡಿಯೇ ಸರಿ. ಗುಂಪು ಬಿಟ್ಟರೆ ಜೋಡಿಯಾದವು ಉಳಿದವನ್ನು ಬಾಳಗೊಡುವುದಿಲ್ಲ. ಮಕ್ಕಳು ಕೇಳುವ ‘ಡೋರಿ’ಯನ್ನು, ಅಂದರೆ ನೀಲಿ ಟ್ಯಾಂಗನ್ನು, 2016ರಲ್ಲಿ ಫ್ಲಾರಿಡಾದಲ್ಲಿ ಮರಿಮಾಡಿಸಿದ್ದಾರೆ. ಆದರೆ ಅದು ಒಂದಡಿ ಉದ್ದ ಬೆಳೆಯುವ ಮೀನು.

ಒಂದೇ ಜಾತಿಯ ಮೀನಿನ ತೊಟ್ಟಿಯಲ್ಲಿ ನನಗೆ ಅತಿ ಪ್ರಿಯವಾದದ್ದು ಸೀಗಡಿ ಗೋಬಿ ಎಂಬ ಮೀನು. ಕಣ್ಣು ಅಷ್ಟಾಗಿ ಕಾಣದ ಪಿಸ್ತೂಲು ಸೀಗಡಿ ಮರಳು ತೋಡುತ್ತಿದ್ದರೆ ಗೋಬಿ ಬಿಲದ ಬಾಯಲ್ಲಿ ಕಾವಲಿರುತ್ತದೆ. ಸೀಗಡಿಯ ಮೀಸೆ ಮೀನಿನ ಮೈಗೆ ತಾಗಿಯೇ ಇರುತ್ತದೆ. ಮೀನು ಬಾಲ ಅದುರಿಸಿತೋ, ಸೀಗಡಿ ಒಳಗೆ. ಕಲ್ಲನ್ನು ಮರಳಿನ ಮೇಲಿಡದೆ ನೇರ ಗಾಜಿನ ತಳಕ್ಕೇ ಕೂರಿಸಬೇಕು, ಇಲ್ಲವಾದರೆ ಬಿಲ ತೋಡಿದಂತೆ ಕಲ್ಲು ಕುಸಿಯುತ್ತದೆ. ಗೋಬಿ ನೀರಿನಿಂದ ಹೊರಗೆ ಜಿಗಿಯುವ ಮೀನು, ತೊಟ್ಟಿಯ ಮೇಲೆ ಸಣ್ಣ ಕಣ್ಣಿನ ಜಾಲರಿಯೂ ಇರಲಿ.