ಆನ್‌ಲೈನ್ ಆಟಗಳಲ್ಲಿ ಹಣ ನೀಡಿ ಪಡೆಯುವ ವಸ್ತುಗಳು ಮತ್ತು ಆಟಗಾರರ ನಡುವಿನ ವಿನಿಮಯ: ಸಾರ್ವಜನಿಕ ಮಾಹಿತಿ

ಹಲವರು ಒಟ್ಟಾಗಿ ಆಡುವ ಆನ್‌ಲೈನ್ ಆಟಗಳಲ್ಲಿ ಹಣ ಪಾವತಿಸಿ ಪಡೆಯುವ ನಾಣ್ಯ, ಆಯುಧ, ಉಡುಪು ಮುಂತಾದವು ಸಾಮಾನ್ಯವಾಗಿ ಖರೀದಿದಾರರ ಸ್ವತ್ತಾಗುವುದಿಲ್ಲ. ಸಂಸ್ಥೆಯ ಷರತ್ತುಗಳಿಗೊಳಪಟ್ಟ ಬಳಕೆಯ ಅನುಮತಿ ಮಾತ್ರ ದೊರೆಯುತ್ತದೆ.

ಕೆಲವು ಆಟಗಳಲ್ಲಿ ಆಟಗಾರರ ನಡುವೆ ವಸ್ತು ವಿನಿಮಯಕ್ಕೆ ಅವಕಾಶವಿದೆ. ಆದರೆ ಆಟದ ಹೊರಗೆ ಅವುಗಳನ್ನು ಹಣಕ್ಕೆ ಮಾರುವುದನ್ನು ಅನೇಕ ಸಂಸ್ಥೆಗಳು ನಿಷೇಧಿಸಿವೆ. ಖಾತೆ ರದ್ದಾದಲ್ಲಿ ಕೊಟ್ಟ ಹಣ ಮರಳುವುದು ಕಷ್ಟ. ಇಂತಹ ವ್ಯವಹಾರಗಳಲ್ಲಿ ಕಳವಾದ ಕ್ರೆಡಿಟ್ ಕಾರ್ಡ್‌ಗಳ ಬಳಕೆ ಕಂಡುಬಂದ ಕಾರಣ ಬ್ರಿಟನ್ನಿನ 'ರೂನ್‌ಸ್ಕೇಪ್' ಆಟದಲ್ಲಿ 2008ರ ಜನವರಿಯಲ್ಲಿ ಮುಕ್ತ ವಿನಿಮಯವನ್ನು ನಿಲ್ಲಿಸಿ, 2011ರ ಫೆಬ್ರವರಿಯಲ್ಲಿ ಪುನಃ ಆರಂಭಿಸಲಾಯಿತು.

ಸಾರ್ವಜನಿಕರು ಗಮನಿಸಬೇಕಾದ ಅಂಶಗಳು:

1. ಆಟದ ಅಧಿಕೃತ ಮಳಿಗೆಯಲ್ಲಿಯೇ ಖರೀದಿಸಿ, ರಸೀದಿಯನ್ನು ಕಾಯ್ದಿರಿಸಿಕೊಳ್ಳತಕ್ಕದ್ದು.

2. ಗುಪ್ತಪದ ಹಾಗೂ ಒ.ಟಿ.ಪಿ.ಯನ್ನು ಯಾರಿಗೂ ತಿಳಿಸಬಾರದು. ಹಣ ಸ್ವೀಕರಿಸಲು ಯು.ಪಿ.ಐ. ಪಿನ್ ನಮೂದಿಸುವ ಅಗತ್ಯವಿರುವುದಿಲ್ಲ.

3. ಮಕ್ಕಳು ಬಳಸುವ ಮೊಬೈಲ್‌ನಲ್ಲಿ ಪ್ರತಿ ಖರೀದಿಗೂ ಗುಪ್ತಪದ ಕೇಳುವಂತೆ ಪೋಷಕರು ವ್ಯವಸ್ಥೆ ಮಾಡಿಕೊಳ್ಳುವುದು.

4. ವಂಚನೆಗೊಳಗಾದಲ್ಲಿ ಕೂಡಲೇ 1930 ಸಂಖ್ಯೆಗೆ ಕರೆ ಮಾಡುವುದು. ವಿಳಂಬವಾದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಕಡಿಮೆಯಾಗುತ್ತದೆ.

5. ಪಾವತಿಸಿದ ವಸ್ತು ದೊರೆಯದಿರುವುದೇ ಮೊದಲಾದ ಸೇವಾ ನ್ಯೂನತೆಗಳಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಅನ್ನು ಸಂಪರ್ಕಿಸಬಹುದು.

ದೂರು ಸಲ್ಲಿಸುವಾಗ ಪಾವತಿಯ ವ್ಯವಹಾರ ಸಂಖ್ಯೆ, ದಿನಾಂಕ, ಮೊತ್ತ ಹಾಗೂ ಸಂದೇಶಗಳ ಪ್ರತಿಯನ್ನು ಸಿದ್ಧವಾಗಿಟ್ಟುಕೊಳ್ಳಲು ಕೋರಲಾಗಿದೆ.