ಹಳೇ ಮಾಲೀಕರಿಗೆ ಕಮ್ಮಿ, ಕೊಂಡವರಿಗೆ ಜಾಸ್ತಿ: ಮನೆಗಂದಾಯದ ಕತೆ

ಹಾಸನದಲ್ಲೋ ಹೊಳೆನರಸೀಪುರದಲ್ಲೋ ಇನ್ನೊಂದು ಮನೆ ಕೊಂಡವರು ಮೊದಲ ಸಲ ಕಂದಾಯ ಕಟ್ಟಲು ಹೋದಾಗ ಕೇಳುವ ಪ್ರಶ್ನೆ ಒಂದೇ. "ಹಳೇ ಮಾಲೀಕರು ಇಷ್ಟು ಕಟ್ತಿರ್ಲಿಲ್ಲವಲ್ಲ ಸಾರ್, ನಮಗ್ಯಾಕೆ ಇಷ್ಟು?" ಊರಿಗೆ ಬಂದು ಹೇಳಿದರೆ ಕಟ್ಟೆ ಮೇಲೆ ಕೂತವರು ಕೊಡುವ ಉತ್ತರವೂ ಒಂದೇ: "ಎರಡನೇ ಮನೆ ಅಲ್ವಾ, ಅದಕ್ಕೇ ಜಾಸ್ತಿ ಹಾಕವ್ರೆ."

ಇದು ನಿಜವಲ್ಲ. ನಮ್ಮ ರಾಜ್ಯದ ಪಂಚಾಯಿತಿಯಾಗಲಿ ಪುರಸಭೆಯಾಗಲಿ ನಿಮಗೆ ಎಷ್ಟು ಮನೆ ಇದೆ ಎಂದು ಎಣಿಸಿ ಮನೆಗಂದಾಯ ಹಾಕುವುದಿಲ್ಲ. ಹಾಗೆ ಎಣಿಸುವ ದೇಶಗಳು ಇವೆ. ಬ್ರಿಟನ್ನಿನ ವೇಲ್ಸ್‌ನಲ್ಲಿ 2023ರ ಏಪ್ರಿಲ್‌ನಿಂದ ಎರಡನೇ ಮನೆಗೆ ಮಾಮೂಲಿ ತೆರಿಗೆಯ ಮೇಲೆ ಇನ್ನೂ 300 ಪರ್ಸೆಂಟ್‌ವರೆಗೆ ಹಾಕುವ ಅಧಿಕಾರ ಅಲ್ಲಿನ ಕೌನ್ಸಿಲ್‌ಗಳಿಗೆ ಇದೆ. ನಮ್ಮಲ್ಲಿ ಮನೆಗಳ ಲೆಕ್ಕ ಕೇಳುವುದು ಆದಾಯ ತೆರಿಗೆ ಇಲಾಖೆ. ಮೊದಲೆಲ್ಲ ಖಾಲಿ ಬಿದ್ದಿರುವ ಎರಡನೇ ಮನೆಗೂ ಬಾಡಿಗೆ ಬರುತ್ತಿದೆ ಎಂದೇ ಹಿಡಿದು ತೆರಿಗೆ ಕೇಳುತ್ತಿದ್ದರು. 2019ರ ಬಜೆಟ್ ಆದಮೇಲೆ ಎರಡು ಮನೆಯವರೆಗೆ ಆ ಕಾಟ ತಪ್ಪಿತು. ಕಟ್ಟೆ ಮಾತು ಬಹುಶಃ ಅಲ್ಲಿಂದ ಹುಟ್ಟಿದ್ದು.

ಹಾಗಾದರೆ ಕಂದಾಯ ಯಾಕೆ ಏರಿತು? ಅದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

ಮನೆ ಮೇಲಿನ ತೆರಿಗೆ ಹೊಸದೇನಲ್ಲ. ನಮ್ಮ ನಾಡಿನ ಹಳೇ ಶಾಸನಗಳಲ್ಲಿ ಗಾಣದೆರೆ, ಮಗ್ಗದೆರೆಯ ಜೊತೆ ಮನೆದೆರೆಯ ಹೆಸರೂ ಇದೆ. ಮುಂದೆ ಮೈಸೂರು ಸೀಮೆಯಲ್ಲಿ ಮನೆ, ಅಂಗಡಿ, ಮಗ್ಗ, ಗಾಣಗಳ ಮೇಲಿನ ತೆರಿಗೆಗಳನ್ನೆಲ್ಲ ಸೇರಿಸಿ ಮೊಹತರ್ಫಾ ಎನ್ನುತ್ತಿದ್ದರು. ಆ ದುಡ್ಡು ರಾಜನ ಖಜಾನೆಗೆ ಹೋಗುತ್ತಿತ್ತು. ಮನೆಗಂದಾಯ ಊರಿನ ಬೀದಿದೀಪಕ್ಕೆ, ಚರಂಡಿಗೆ ಅಂತ ಆಗಿದ್ದು ಪಂಚಾಯಿತಿ ಕಾನೂನುಗಳು ಬಂದ ಮೇಲೆ. ಮೈಸೂರು ಸಂಸ್ಥಾನದಲ್ಲಿ 1926ರ ಕಾಯ್ದೆ, ಆಮೇಲೆ 1959ರದು, ಮಂಡಲ ಪಂಚಾಯಿತಿ ತಂದ 1983ರದು, ಕೊನೆಗೆ ಈಗಿರುವ 1993ರದು. ಈ ಕಾಯ್ದೆಯ 199ನೇ ಸೆಕ್ಷನ್ ಗ್ರಾಮ ಪಂಚಾಯಿತಿಗೆ ಕಟ್ಟಡದ ಮೇಲೆ ತೆರಿಗೆ ಹಾಕುವ ಅಧಿಕಾರ ಕೊಡುತ್ತದೆ.

ಅಧಿಕಾರವೇನೋ ಇತ್ತು, ಅಳೆಯುವವರು ಇರಲಿಲ್ಲ. ಹಳ್ಳಿಯ ಬೇಡಿಕೆ ವಹಿಯಲ್ಲಿ ಒಮ್ಮೆ ಬರೆದ ಮೊತ್ತ ವರ್ಷಗಟ್ಟಲೆ ಹಾಗೇ ಕೂತಿರುತ್ತಿತ್ತು. ಹೆಂಚಿನ ಮನೆ ಹೋಗಿ ಆರ್‌ಸಿಸಿ ಬಂತು, ಮೇಲೆ ಮಹಡಿ ಎದ್ದಿತು, ಕೊಟ್ಟಿಗೆ ಅಂಗಡಿಯಾಯಿತು. ವಹಿಯಲ್ಲಿ ಮಾತ್ರ ತಾತನ ಹೆಸರು, ತಾತನ ಕಾಲದ ಹೆಂಚಿನ ಮನೆ. ಯಾರೂ ದೂರುತ್ತಿರಲಿಲ್ಲ. ದೂರುವುದಕ್ಕೆ ಕಾರಣವೂ ಇರಲಿಲ್ಲ ಬಿಡಿ. ಕರ ವಸೂಲಿಗಾರರು ಊರಿನವರೇ, ಅಳತೆ ಪಟ್ಟಿ ಹಿಡಿದು ನೆಂಟರ ಮನೆಗೆ ಹೋಗುವವರು ಯಾರು?

ಈ ವಹಿ ಎಚ್ಚರವಾಗುವುದು ಮನೆ ಮಾರಿದಾಗ. ಕ್ರಯಪತ್ರ ಆಗಬೇಕು, ಖಾತೆ ಬದಲಾಗಬೇಕು. 2013ರಲ್ಲಿ ಇ-ಸ್ವತ್ತು ಬಂದ ಮೇಲೆ ನಮೂನೆ 9, 11 ಇಲ್ಲದೆ ಹಳ್ಳಿ ಸ್ವತ್ತಿನ ನೋಂದಣಿ ಕಷ್ಟ. ಅಳತೆ, ಫೋಟೋ, ಚೆಕ್ಕುಬಂದಿ ಎಲ್ಲ ಕಂಪ್ಯೂಟರಿಗೆ ಹೋಗಬೇಕು. ತಾತನ ಹೆಂಚಿನ ಮನೆ ಅಲ್ಲಿಗೆ ಮುಗಿಯಿತು. ಮಹಡಿ ಕಟ್ಟಿದ್ದು ಮಾರಿದವರು, ಅದರ ಕಂದಾಯ ಶುರುವಾಗುವುದು ಕೊಂಡವರ ಹೆಸರಲ್ಲಿ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇದನ್ನು ಕಾನೂನೇ ಮಾಡಿಬಿಟ್ಟಿದ್ದಾರೆ. 1978ರಲ್ಲಿ ಜನರೇ ಓಟು ಹಾಕಿ ತಂದ ಕಾನೂನು ಅದು. ಮನೆ ಒಬ್ಬರ ಕೈಯಲ್ಲೇ ಇರುವವರೆಗೆ ತೆರಿಗೆಗೆ ಹಿಡಿಯುವ ಬೆಲೆ ವರ್ಷಕ್ಕೆ 2 ಪರ್ಸೆಂಟ್‌ಗಿಂತ ಹೆಚ್ಚು ಏರುವಂತಿಲ್ಲ, ಮಾರಿದ ದಿನ ಮಾತ್ರ ಪೇಟೆ ಬೆಲೆಗೆ ಜಿಗಿಯುತ್ತದೆ. ಅವರು ಬರೆದಿಟ್ಟು ಮಾಡುವುದನ್ನು ನಾವು ಬರೆಯದೆ ಮಾಡುತ್ತಿದ್ದೆವು, ಅಷ್ಟೇ.

ಪಟ್ಟಣದಲ್ಲಿ ಕತೆ ಬೇರೆ. ಅಲ್ಲಿ ಮೊದಲು ವರ್ಷಕ್ಕೆ ಎಷ್ಟು ಬಾಡಿಗೆ ಬರಬಹುದು ಎಂಬ ಅಂದಾಜಿನ ಮೇಲೆ ತೆರಿಗೆ ಇತ್ತು. 2000ದ ಆಸುಪಾಸಿನಲ್ಲಿ ಮಾಲೀಕರೇ ಲೆಕ್ಕ ಹಾಕಿ ಕಟ್ಟುವ ಸ್ವಯಂ ಘೋಷಣೆ ಪದ್ಧತಿ ಬಂತು. 2021-22ರಿಂದ ನಗರಸಭೆ, ಪುರಸಭೆಗಳ ತೆರಿಗೆಯನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ಬೆಲೆಗೆ ಕಟ್ಟಿಹಾಕಿದರು. ಅದೇ ಮಾರ್ಗಸೂಚಿ ಬೆಲೆಯನ್ನು 2023ರ ಅಕ್ಟೋಬರ್ 1ರಿಂದ ರಾಜ್ಯಾದ್ಯಂತ ಏರಿಸಿದರು. ಅನುಮತಿಯಿಲ್ಲದ ಬಡಾವಣೆಯ ಸ್ವತ್ತಾದರೆ ಇನ್ನೊಂದು ಪೆಟ್ಟು ಇದೆ: 2025ರ ಫೆಬ್ರವರಿಯಲ್ಲಿ ಶುರುವಾದ ಬಿ ಖಾತಾ ಅಭಿಯಾನದಲ್ಲಿ ಮೊದಲ ವರ್ಷಕ್ಕೆ ದುಪ್ಪಟ್ಟು ತೆರಿಗೆ.

ನಮ್ಮ ಹುಡುಗರು ಹೆಚ್ಚು ಮನೆ ಕೊಳ್ಳುವುದು ಬೆಂಗಳೂರಿನಲ್ಲಿ. ಅಲ್ಲಿ 2008ರಲ್ಲಿ ಬಿಬಿಎಂಪಿ ತಂದ ಪದ್ಧತಿಯಲ್ಲಿ ಸ್ವಂತ ವಾಸದ ಮನೆಗೆ ಒಂದು ದರ, ಬಾಡಿಗೆಗೆ ಕೊಟ್ಟ ಮನೆಗೆ ಅದರ ಎರಡರಷ್ಟು. ಸಾವಿರ ಚದರಡಿ ಮನೆಗೆ ತಿಂಗಳಿಗೆ ಚದರಡಿಗೆ 1 ರೂಪಾಯಿ ದರ ಅಂದುಕೊಳ್ಳಿ. ಹತ್ತು ತಿಂಗಳಿಗೆ 10,000. ಅದರಲ್ಲಿ 20 ಪರ್ಸೆಂಟ್ ತೆರಿಗೆ, ಅಂದರೆ 2,000. ಅದರ ಮೇಲೆ ಆರೋಗ್ಯ, ಗ್ರಂಥಾಲಯ, ಭಿಕ್ಷುಕರ ಕರ ಎಲ್ಲ ಸೇರಿ 24 ಪರ್ಸೆಂಟ್ ಸೆಸ್. ಕಟ್ಟಡ ಹಳೆಯದಾದ ರಿಯಾಯಿತಿ ಬಿಟ್ಟರೆ ಒಟ್ಟು 2,480. ಅದೇ ಮನೆಗೆ ಬಾಡಿಗೆದಾರರು ಬಂದರೆ 4,960. ಮಾರಿದವರು ತಾವೇ ವಾಸವಿದ್ದರು, ಕೊಂಡವರು ಬಾಡಿಗೆಗೆ ಕೊಟ್ಟರು. ಗೋಡೆ ಅದೇ, ಕಂದಾಯ ಡಬಲ್. ಎರಡನೇ ಮನೆ ಎಂಬ ಗುಮಾನಿ ನಿಜಕ್ಕೆ ಹತ್ತಿರ ಬರುವುದು ಇಲ್ಲಿ ಮಾತ್ರ, ಏಕೆಂದರೆ ಎರಡನೇ ಮನೆಯಲ್ಲಿ ನಾವು ವಾಸ ಇರುವುದಿಲ್ಲ.

ಶೆಟ್ಟಿಹಳ್ಳಿ ಕಡೆಯವರಿಗೆ ಎರಡನೇ ಮನೆ ಎಂದರೆ ಬೇರೆಯದೇ ನೆನಪು. ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟೆ 1979ರಲ್ಲಿ ಮುಗಿಯಿತು. ಹಿನ್ನೀರು ಊರುಗಳನ್ನು ನುಂಗಿತು. ಫ್ರೆಂಚ್ ಮಿಷನರಿಗಳು 1860ರ ದಶಕದಲ್ಲಿ ಕಟ್ಟಿದ ಚರ್ಚು ಇವತ್ತಿಗೂ ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಏಳುತ್ತದೆ. ಫೋಟೋ ತೆಗೆಯುವವರಿಗೆ ಅದೊಂದು ಚಂದ. ಅಲ್ಲಿಂದ ಎದ್ದು ಬಂದವರು ಎರಡನೇ ಮನೆ ಕಟ್ಟಿದ್ದು ದುಡ್ಡು ಹೆಚ್ಚಾಗಿ ಅಲ್ಲ, ಮೊದಲನೆಯದು ನೀರಿನಡಿ ಹೋಯಿತು ಅಂತ. ಎದ್ದು ಬಂದ ಮನೆತನಗಳಿಗೆ ಕಂದಾಯದ ರಸೀದಿ ಬರೀ ರಸೀದಿಯಲ್ಲ, ಇಲ್ಲಿ ಇದ್ದೇವೆ ಎಂಬುದಕ್ಕೆ ಕೈಯಲ್ಲಿರುವ ಕಾಗದ. ಹಾಗಂತ ಅದೇ ಹಕ್ಕುಪತ್ರ ಎಂದು ನಂಬಬೇಡಿ. ಖಾತೆಯೂ ರಸೀದಿಯೂ ತೆರಿಗೆ ಕಟ್ಟಿದ್ದಕ್ಕೆ ಸಾಕ್ಷಿ, ಒಡೆತನ ತೀರ್ಮಾನ ಮಾಡುವುದು ಕ್ರಯಪತ್ರ, ವಿಭಾಗಪತ್ರ, ಹಕ್ಕುಪತ್ರಗಳು.

ಇನ್ನೂ ಮನೆ ನೋಡುತ್ತಿರುವವರು ಅಡ್ವಾನ್ಸ್ ಕೊಡುವ ಮೊದಲು ಮಾರುವವರ ಕೊನೆಯ ಮೂರ್ನಾಲ್ಕು ವರ್ಷದ ರಸೀದಿ ಕೇಳಿ. ಅದರಲ್ಲಿ ಬರೆದ ಅಳತೆಗೂ ನಿಂತಿರುವ ಮನೆಗೂ ತಾಳೆ ನೋಡಿ. ಬಾಕಿ ಇದ್ದರೆ ಅದು ಸ್ವತ್ತಿನ ಬೆನ್ನಿಗೇ ಬರುತ್ತದೆ, ಮಾರಿದವರ ಬೆನ್ನಿಗಲ್ಲ. ಈಗಾಗಲೇ ಕೊಂಡಾಗಿದ್ದರೆ, ಕಟ್ಟುವ ಮುಂಚೆ ಲೆಕ್ಕದ ಹಾಳೆ ಕೇಳಿ: ಎಷ್ಟು ಚದರಡಿ, ಯಾವ ದರ, ವಾಸದ್ದೋ ಬಾಡಿಗೆಯದ್ದೋ, ಸೆಸ್ ಎಷ್ಟು. ಪಟ್ಟಣದ ಮನೆಯಾದರೆ ಏಪ್ರಿಲ್ ಒಳಗೆ ಪೂರ್ತಿ ಕಟ್ಟಿದವರಿಗೆ 5 ಪರ್ಸೆಂಟ್ ರಿಯಾಯಿತಿ ಇದೆ.