ಹಾರ್ವಿ ಕುಶಿಂಗ್ ಗ್ರಂಥಸಂಗ್ರಹ

ಹಾರ್ವಿ ಕುಶಿಂಗ್ ಗ್ರಂಥಸಂಗ್ರಹವು ಅಮೆರಿಕದ ನರಶಸ್ತ್ರವೈದ್ಯ ಹಾರ್ವಿ ಕುಶಿಂಗ್ (1869–1939) ಕೂಡಿಸಿದ ಪ್ರಾಚೀನ ವೈದ್ಯಕೀಯ ಪುಸ್ತಕಗಳ ಸಂಗ್ರಹ. ಇದು ಯೇಲ್ ವಿಶ್ವವಿದ್ಯಾಲಯದ ವೈದ್ಯಕೀಯ ಗ್ರಂಥಾಲಯದಲ್ಲಿದೆ. ಆಧುನಿಕ ಮಿದುಳು ಶಸ್ತ್ರಚಿಕಿತ್ಸೆಯ ಪ್ರವರ್ತಕರಾದ ಕುಶಿಂಗ್ ಅವರಿಗೆ ಹಳೆಯ ಪುಸ್ತಕಗಳ ಆಸಕ್ತಿ ಬೆಳೆದದ್ದು ವೈದ್ಯ ವಿಲಿಯಂ ಆಸ್ಲರ್ ಅವರ ಒಡನಾಟದಿಂದ. ಆಸ್ಲರ್ ಕುರಿತು ಬರೆದ ಜೀವನಚರಿತ್ರೆಗೆ ಅವರು 1926ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದರು.

ಸಂಗ್ರಹದ ತಿರುಳು ಅಂಗರಚನಾಶಾಸ್ತ್ರಜ್ಞ ಆಂಡ್ರಿಯಾಸ್ ವೆಸಾಲಿಯಸ್‌ನ ಕೃತಿಗಳು. 1543ರಲ್ಲಿ ಬಾಸೆಲ್‌ನಲ್ಲಿ ಅಚ್ಚಾದ ಅವನ 'ಫ್ಯಾಬ್ರಿಕಾ' ಶಸ್ತ್ರಚಿಕಿತ್ಸೆಯ ಕೈಪಿಡಿಯೇನಲ್ಲ. ಆದರೂ ಅದರ ಏಳನೆಯ ಭಾಗದ ಚಿತ್ರಗಳು ಬುರುಡೆಯನ್ನು ತೆರೆದು ಮಿದುಳನ್ನು ಪದರಪದರವಾಗಿ ತೋರಿಸುತ್ತವೆ. ಈ ಕ್ಷೇತ್ರದ ಸಂಗ್ರಾಹಕರು ಬಹುವಾಗಿ ಅರಸುವ ಮತ್ತೊಂದು ಪುಸ್ತಕವೆಂದರೆ ಬೆರೆಂಗಾರಿಯೊ ಡ ಕಾರ್ಪಿ 1518ರಲ್ಲಿ ಬೊಲೊನ್ಯಾದಲ್ಲಿ ಪ್ರಕಟಿಸಿದ ಬುರುಡೆಮುರಿತದ ಗ್ರಂಥ. ಯುದ್ಧದಲ್ಲಿ ತಲೆಗೆ ಪೆಟ್ಟು ಬಿದ್ದಿದ್ದ ಲೊರೆಂಜೊ ಡಿ ಮೆಡಿಚಿಯ ಪ್ರಕರಣವೇ ಅದಕ್ಕೆ ಪ್ರೇರಣೆ. ಬುರುಡೆ ಕೊರೆಯುವ ಉಪಕರಣಗಳ ಚಿತ್ರಗಳು ಅದರಲ್ಲಿವೆ.

ಯೇಲ್‌ಗೆ ಹಸ್ತಾಂತರ

ಸಂಗ್ರಾಹಕನ ಮರಣಾನಂತರ ಪುಸ್ತಕಗಳು ಹರಾಜಿನಲ್ಲಿ ಚದುರಿಹೋಗುವುದು ಸಾಮಾನ್ಯ. ಆಸ್ಲರ್ ತಮ್ಮ ಸಂಗ್ರಹವನ್ನು ಮೆಕ್‌ಗಿಲ್ ವಿಶ್ವವಿದ್ಯಾಲಯಕ್ಕೆ ಬಿಟ್ಟುಹೋಗಿದ್ದರು. ಕುಶಿಂಗ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಸ್ವಿಟ್ಜರ್ಲೆಂಡಿನಲ್ಲಿದ್ದ ಆರ್ನಾಲ್ಡ್ ಕ್ಲೆಬ್ಸ್ ಮತ್ತು ಯೇಲ್‌ನ ಶರೀರಕ್ರಿಯಾಶಾಸ್ತ್ರಜ್ಞ ಜಾನ್ ಫುಲ್ಟನ್ ಎಂಬ ಗೆಳೆಯರನ್ನು ಒಪ್ಪಿಸಿ, ಮೂವರ ಪುಸ್ತಕಗಳೂ ಒಂದೇ ಸೂರಿನಡಿ ಸೇರುವಂತೆ ಮಾಡಿದರು. ಅದಕ್ಕೆಂದು ಕಟ್ಟಿದ ಗ್ರಂಥಾಲಯ 1941ರಲ್ಲಿ ತೆರೆಯಿತು. ಅಷ್ಟರಲ್ಲಿ ಕುಶಿಂಗ್ ತೀರಿಕೊಂಡು ಎರಡು ವರ್ಷವಾಗಿತ್ತು. ಅವರು ಅಪೂರ್ಣವಾಗಿ ಬಿಟ್ಟಿದ್ದ ವೆಸಾಲಿಯಸ್ ಗ್ರಂಥಸೂಚಿ 1943ರಲ್ಲಿ, 'ಫ್ಯಾಬ್ರಿಕಾ'ದ ನಾಲ್ಕುನೂರನೆಯ ವರ್ಷದಲ್ಲಿ, ಪ್ರಕಟವಾಯಿತು.